ಬಿಸಿಲಿಳಿದ ಮೇಲೆ ಹಬ್ಬ

ಕರ್ನಾಟಕದ ಬೇಸಿಗೆ ಉತ್ಸವಗಳು ಯುಗಾದಿಯೊಂದಿಗೆ ಶುರುವಾಗುತ್ತವೆ. ಅಲ್ಲಿಂದ ಮುಂಗಾರು ಹಿಡಿಯುವವರೆಗಿನ ಎರಡು ಎರಡೂವರೆ ತಿಂಗಳಲ್ಲಿ ರಾಮೋತ್ಸವದ ಕಛೇರಿಗಳು, ಬೆಂಗಳೂರಿನ ಹಳೇ ಪೇಟೆಯ ಕರಗ, ಕರಾವಳಿಯ ಯಕ್ಷಗಾನ, ಲಾಲ್‌ಬಾಗಿನ ಮಾವಿನ ಮೇಳ ಒಂದರ ಹಿಂದೊಂದು ಬರುತ್ತವೆ. ಸುಗ್ಗಿ ಮುಗಿದಿರುತ್ತದೆ, ಮಕ್ಕಳಿಗೆ ಶಾಲೆಯ ರಜೆ ಹತ್ತಿರವಾಗುತ್ತದೆ, ಮಳೆಯ ಅಂಜಿಕೆಯಿಲ್ಲದೆ ಬಯಲಲ್ಲಿ ಚಪ್ಪರ ಹಾಕಬಹುದು. ಹಗಲಿನ ಝಳ ತಪ್ಪಿಸಲು ಇವುಗಳಲ್ಲಿ ಹೆಚ್ಚಿನವು ಸಂಜೆಗೆ ಕಳೆಕಟ್ಟುತ್ತವೆ. ಅಲ್ಲಿ ಹಂಚುವ ತಿನಿಸು, ಮುಡಿಯುವ ಹೂವು, ಹಾಡುವ ಹೊತ್ತು ಎಲ್ಲವನ್ನೂ ಬೇಸಿಗೆಯೇ ನಿರ್ಧರಿಸಿದೆ. ದೂರದಿಂದ ಹೊರಟುಬರುವಷ್ಟು ಬೆಲೆ ಇವಕ್ಕೆ ಬಂದಿರುವುದೂ ಅದರಿಂದಲೇ.

ರಾಮನವಮಿ ಚೈತ್ರ ಶುದ್ಧ ನವಮಿಯ ಒಂದು ದಿನದ ಹಬ್ಬವಾದರೂ ಹಳೇ ಮೈಸೂರು ಸೀಮೆಯಲ್ಲಿ ಅದು ವಾರಗಟ್ಟಲೆ ನಡೆಯುತ್ತದೆ. ಯುಗಾದಿಯಿಂದ ನವಮಿಯವರೆಗೆ ಆಚರಿಸುವುದು ಗರ್ಭೋತ್ಸವ, ನವಮಿಯಿಂದ ಮುಂದಕ್ಕೆ ಜನ್ಮೋತ್ಸವ. ಈ ದಿನಗಳ ಸಂಜೆಗಳಿಗೆ ಸಂಗೀತ ಸೇರಿಕೊಂಡು ಬೆಂಗಳೂರು, ಮೈಸೂರಿನ ಬಡಾವಣೆ ಬಡಾವಣೆಯಲ್ಲೂ ಕಛೇರಿಗಳು ಏರ್ಪಟ್ಟವು. ಇವುಗಳಲ್ಲಿ ದೊಡ್ಡ ಹೆಸರು ಬೆಂಗಳೂರಿನ ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಳಿಯದು. ಎಸ್.ವಿ. ನಾರಾಯಣಸ್ವಾಮಿ ರಾವ್ 1939ರಲ್ಲಿ, ಇನ್ನೂ ಹುಡುಗನಾಗಿದ್ದಾಗಲೇ, ಸಣ್ಣದಾಗಿ ಆರಂಭಿಸಿದ ಈ ಉತ್ಸವ ಮುಂದೆ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ತಿಂಗಳುದ್ದಕ್ಕೂ ನಡೆಯುವ ಮಟ್ಟಕ್ಕೆ ಬೆಳೆಯಿತು. ಎಂ.ಎಸ್. ಸುಬ್ಬುಲಕ್ಷ್ಮಿ, ಭೀಮಸೇನ ಜೋಶಿಯವರಂಥ ದಿಗ್ಗಜರು ಇಲ್ಲಿ ಹಾಡಿದ್ದಾರೆ. ಕರ್ನಾಟಕ ಸಂಗೀತದ ಜೊತೆಗೆ ಹಿಂದುಸ್ತಾನಿಗೂ ವೇದಿಕೆ ಕೊಟ್ಟದ್ದು ಈ ಉತ್ಸವದ ದೊಡ್ಡತನ. ಸಭಾಂಗಣದ ಶಿಸ್ತಿನಲ್ಲಿ ಕೇಳುವ ಸಂಗೀತಕ್ಕೂ ಚಪ್ಪರದಡಿ ಕೇಳುವುದಕ್ಕೂ ಬಹಳ ಅಂತರವಿದೆ. ಇಲ್ಲಿ ಅಜ್ಜಿ, ಮೊಮ್ಮಗು, ಕೆಲಸ ಮುಗಿಸಿ ನೇರವಾಗಿ ಬಂದವರು ಒಟ್ಟಿಗೆ ಕೂರುತ್ತಾರೆ. ದೇವರನಾಮ ಬರುವ ಹೊತ್ತಿಗೆ ಕೇಳುಗರಲ್ಲೇ ಹಲವರು ಮೆಲ್ಲಗೆ ದನಿಗೂಡಿಸಿರುತ್ತಾರೆ. ದೊಡ್ಡ ಕಛೇರಿಯ ಟಿಕೆಟ್ ಸಿಗದಿದ್ದರೂ ಕೊರಗಬೇಕಿಲ್ಲ. ಬಡಾವಣೆಯ ಎಷ್ಟೋ ರಾಮಮಂದಿರಗಳಲ್ಲಿ ಅದೇ ದಿನಗಳಲ್ಲಿ ಒಳ್ಳೆಯ ಸಂಗೀತ ಉಚಿತವಾಗಿ ಸಿಗುತ್ತದೆ.

ರಾಮನವಮಿಯ ಪ್ರಸಾದವೆಂದರೆ ಪಾನಕ, ಕೋಸಂಬರಿ, ನೀರುಮಜ್ಜಿಗೆ. ಒಗ್ಗರಣೆಯೊಂದನ್ನು ಬಿಟ್ಟರೆ ಇವ್ಯಾವುದಕ್ಕೂ ಒಲೆಯ ಹಂಗಿಲ್ಲ. ಬೆಲ್ಲವನ್ನು ನೀರಿನಲ್ಲಿ ಕರಗಿಸಿ ಸೋಸಿ, ಶುಂಠಿ, ಏಲಕ್ಕಿ, ಕುಟ್ಟಿದ ಕಾಳುಮೆಣಸು, ನಿಂಬೆರಸ ಬೆರೆಸಿದರೆ ಪಾನಕ. ಕೆಲವು ಮನೆಗಳಲ್ಲಿ ಬೇಲದ ಹಣ್ಣಿನದು, ಕೆಲವೆಡೆ ಕರಬೂಜದ್ದು. ಕೋಸಂಬರಿಗೆ ಹೆಸರುಬೇಳೆಯನ್ನು ಒಂದೆರಡು ಗಂಟೆ ನೆನೆಸಿ, ನೀರು ಪೂರ್ತಿ ಬಸಿದು, ಸಣ್ಣಗೆ ಹೆಚ್ಚಿದ ಸೌತೆಕಾಯಿ, ಕಾಯಿತುರಿ, ಕೊತ್ತಂಬರಿ ಸೊಪ್ಪು ಸೇರಿಸುತ್ತಾರೆ. ಆ ಕಾಲಕ್ಕೆ ಮಾರುಕಟ್ಟೆಗೆ ಬಂದಿರುವ ಮಾವಿನಕಾಯಿಯ ತುರಿಯೂ ಬೀಳುತ್ತದೆ. ಮೇಲೆ ಸಾಸಿವೆ, ಇಂಗು, ಹಸಿಮೆಣಸಿನಕಾಯಿಯ ಒಗ್ಗರಣೆ. ಅನುಭವಿಗಳು ಉಪ್ಪನ್ನು ಹಂಚುವ ಹೊತ್ತಿಗಷ್ಟೇ ಹಾಕುತ್ತಾರೆ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಎಲ್ಲ ಮೆತ್ತಗಾಗುತ್ತದೆ. ಬೆವರಿ ಬಳಲಿದ ದೇಹಕ್ಕೆ ನೀರು, ಉಪ್ಪು, ಬೆಲ್ಲ ಮೂರೂ ಬೇಕಾದ ಕಾಲದಲ್ಲಿ ಅವನ್ನೇ ದಾರಿಹೋಕರಿಗೂ ಕರೆದು ಕೊಡುವ ಈ ಪದ್ಧತಿಯಲ್ಲಿ ಎಷ್ಟು ವಿವೇಕವಿದೆಯೋ ಅಷ್ಟೇ ಔದಾರ್ಯವೂ ಇದೆ.

ನವಮಿಯಿಂದ ಹುಣ್ಣಿಮೆಗೆ ಆರೇ ದಿನ. ಹಾಗಾಗಿ ರಾಮೋತ್ಸವಕ್ಕೆ ಬಂದವರು ಅದೇ ಪ್ರಯಾಣದಲ್ಲಿ ಬೆಂಗಳೂರು ಕರಗವನ್ನೂ ನೋಡಬಹುದು. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಲ್ಲಿ ಕೆಲವು ದಿನಗಳಿಂದ ನಡೆದುಬಂದ ವಿಧಿಗಳು ಚೈತ್ರ ಹುಣ್ಣಿಮೆಯ ರಾತ್ರಿ ಹೂವಿನ ಕರಗವಾಗಿ ಹೊರಬೀಳುತ್ತವೆ. ಇದು ತಿಗಳ ಸಮುದಾಯದ ಉತ್ಸವ, ಆರಾಧ್ಯದೇವತೆ ದ್ರೌಪದಿ. ತಿಮಿರಾಸುರನನ್ನು ಎದುರಿಸಲು ಆಕೆ ವೀರಕುಮಾರರ ಪಡೆಯನ್ನು ಸೃಷ್ಟಿಸಿದಳು, ಅವರಿಗೆ ಕೊಟ್ಟ ಮಾತಿನಂತೆ ವರ್ಷಕ್ಕೊಮ್ಮೆ ಭೂಮಿಗೆ ಬರುತ್ತಾಳೆ ಎಂಬುದು ನಂಬಿಕೆ. ಕರಗ ಹೊರುವ ಪುರುಷ ಅಂದು ಸೀರೆ ಉಟ್ಟು, ಬಳೆ ತೊಟ್ಟು ಸ್ತ್ರೀವೇಷದಲ್ಲಿರುತ್ತಾನೆ. ತಲೆಯ ಮೇಲಿನ ಕರಗದಿಂದ ಮಲ್ಲಿಗೆಯ ದಂಡೆಗಳು ಮುಖ ಕಾಣದಷ್ಟು ಇಳಿಬಿದ್ದಿರುತ್ತವೆ. ಆ ಭಾರವನ್ನು ಕೈಯಲ್ಲಿ ಹಿಡಿಯದೆ, ಹೆಜ್ಜೆ ಹಾಕುತ್ತ ಕಿರಿದಾದ ಬೀದಿಗಳಲ್ಲಿ ಬೆಳಗಿನವರೆಗೆ ಸಾಗಬೇಕು. ಸುತ್ತ ಒರೆ ಕಳಚಿದ ಕತ್ತಿ ಹಿಡಿದ ವೀರಕುಮಾರರು, ‘ಗೋವಿಂದಾ’ ಎಂಬ ಕೂಗು, ಇಕ್ಕೆಲಗಳಿಂದಲೂ ಮಲ್ಲಿಗೆಯ ಮಳೆ. ತಿಗಳರು ತಲೆಮಾರುಗಳಿಂದ ಹೂ, ತರಕಾರಿ ಬೆಳೆದವರು. ಬೇಸಿಗೆ ಮಲ್ಲಿಗೆಯ ಕಾಲ. ಉತ್ಸವದ ಅಂದವೆಲ್ಲ ಅವರದೇ ಕಸುಬಿನಿಂದ ಬಂದದ್ದು. ದಾರಿಯಲ್ಲಿ ಕರಗವು ಹಜರತ್ ತವಕ್ಕಲ್ ಮಸ್ತಾನರ ದರ್ಗಾಕ್ಕೂ ಭೇಟಿ ಕೊಡುತ್ತದೆ. ಬೆಂಗಳೂರು ಹೆಮ್ಮೆಯಿಂದ ಕಾಪಾಡಿಕೊಳ್ಳಬೇಕಾದ ನಡೆ ಇದು. ನೋಡಲು ಬರುವವರು ಸಂಜೆಯೇ ಪೇಟೆ ಸೇರಿ, ವಾಹನವನ್ನು ದೂರದಲ್ಲೇ ಬಿಟ್ಟು, ರಾತ್ರಿಯಿಡೀ ನಿಲ್ಲಲು ಸಿದ್ಧರಿರಬೇಕು.

ಕರಾವಳಿಯ ಲೆಕ್ಕವೇ ಬೇರೆ. ಅಲ್ಲಿ ಯಕ್ಷಗಾನ ಮೇಳಗಳು ದೀಪಾವಳಿಯ ಆಸುಪಾಸಿನಲ್ಲಿ ತಿರುಗಾಟಕ್ಕೆ ಹೊರಟು, ಮೇ ಕೊನೆಗೆ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ, ಆಮೇಲೆ ಮಳೆಗಾಲ. ಕಟೀಲು, ಧರ್ಮಸ್ಥಳ, ಮಂದಾರ್ತಿ ಮೊದಲಾದ ದೇವಸ್ಥಾನಗಳ ಮೇಳಗಳು ಆಡುವ ಹರಕೆಯ ಆಟಗಳಿಗೆ ಟಿಕೆಟ್ ಇಲ್ಲ. ಹರಕೆ ಹೊತ್ತ ಮನೆಯವರು ಗದ್ದೆಯಲ್ಲೋ ಅಂಗಳದಲ್ಲೋ ರಂಗಸ್ಥಳ ಕಟ್ಟಿಸಿ, ಬಂದವರಿಗೆ ಊಟ ಬಡಿಸಿ ಆಟ ಆಡಿಸುತ್ತಾರೆ. ಮೊದಲ ಸಲ ಬಂದವರು ಆಟಕ್ಕೆ ಮೊದಲೇ ಹೋಗಿ ಸಾಧ್ಯವಾದರೆ ಚೌಕಿಯನ್ನು, ಎಂದರೆ ಬಣ್ಣ ಹಚ್ಚಿಕೊಳ್ಳುವ ಜಾಗವನ್ನು, ನೋಡಬೇಕು. ಅಕ್ಕಿಹಿಟ್ಟು, ಸುಣ್ಣ ಕಲಸಿದ ಮಿಶ್ರಣದಿಂದ ತೆಂಕುತಿಟ್ಟಿನ ಬಣ್ಣದ ವೇಷದ ಕಲಾವಿದ ಕನ್ನಡಿಯೆದುರು ಕೂತು ಮುಖದ ಮೇಲೆ ಒಂದೊಂದೇ ಚುಟ್ಟಿ ಇಡುತ್ತಾನೆ. ಒಂದು ಪದರ ಒಣಗಿದ ಮೇಲೆ ಇನ್ನೊಂದು. ಗಂಟೆಗಳ ಈ ಕೆಲಸ ಮುಗಿಯುವಾಗ ಕುಳಿತಿದ್ದ ಮನುಷ್ಯನ ಗುರುತೇ ಸಿಗದು. ಈಚೆಗೆ ಹಲವು ಆಟಗಳು ಕಾಲಮಿತಿಯವಾಗಿ ನಡುರಾತ್ರಿಯ ಹೊತ್ತಿಗೆ ಮುಗಿಯುತ್ತವೆ. ಮರುದಿನ ಕೆಲಸವಿದ್ದವರಿಗೆ ಅನುಕೂಲವೇನೋ ಹೌದು, ಆದರೆ ಬೆಳಗಿನ ಜಾವದ ಚೆಂಡೆಯ ಅಬ್ಬರ ಕೇಳಬೇಕೆಂದರೆ ಇಡೀ ರಾತ್ರಿಯ ಆಟವನ್ನೇ ಹುಡುಕಿ ಹೋಗಬೇಕು.

ಮತ್ತೆ ಬೆಂಗಳೂರಿಗೆ ಬಂದರೆ, ಲಾಲ್‌ಬಾಗಿನ ಮಾವಿನ ಮೇಳ ಸಾಮಾನ್ಯವಾಗಿ ಮೇ ತಿಂಗಳಲ್ಲಿ ಶುರುವಾಗುತ್ತದೆ. ರಾಮನಗರ, ಕೋಲಾರ, ಚಿಕ್ಕಬಳ್ಳಾಪುರದ ಬೆಳೆಗಾರರು ಕಾರ್ಬೈಡ್ ಹಾಕದೆ ಮಾಗಿಸಿದ ಬಾದಾಮಿ, ರಸಪುರಿ, ಸೇಂದೂರ, ಮಲ್ಲಿಕಾ, ಮಲಗೋವಾ, ಸಕ್ಕರೆಗುತ್ತಿಯನ್ನು ತಾವೇ ತಂದು ಮಾರುತ್ತಾರೆ. ರಸಪುರಿ ಸೀಕರಣೆಗೆ, ಬಾದಾಮಿ ಹಾಗೆಯೇ ಹೆಚ್ಚಿ ತಿನ್ನಲು ಚೆನ್ನ. ರಾಮನಗರದ ಹಣ್ಣು ಮೊದಲು ಮಾಗುತ್ತದೆ, ಕೋಲಾರದ ಶ್ರೀನಿವಾಸಪುರದ್ದು ತಡವಾಗಿ. ಎಲ್ಲ ತಳಿಗಳನ್ನೂ ಒಟ್ಟಿಗೆ ರುಚಿ ನೋಡುವ ಆಸೆಯಿದ್ದವರು ಮೇಳದ ನಡುವಿನ ದಿನಗಳಲ್ಲಿ ಹೋಗುವುದು ಒಳ್ಳೆಯದು.