ಒದೆಯುವ ರೈಫಲ್, ಬೆದರುವ ಮೈ

ರೈಫಲಿನ ಒದೆತದ ಹಿಂದಿರುವುದು ಶಾಲೆಯಲ್ಲಿ ಕಲಿಯುವ ಸಂವೇಗದ ನಿಯಮ. ಗುಂಡು ಮತ್ತು ಅದರ ಬೆನ್ನಿಗೇ ನುಗ್ಗುವ ಮದ್ದಿನ ಅನಿಲ ಎಷ್ಟು ಸಂವೇಗದಿಂದ ನಳಿಗೆ ಬಿಟ್ಟು ಹೋಗುತ್ತವೆಯೋ ಅಷ್ಟೇ ಸಂವೇಗ ರೈಫಲಿಗೆ ಹಿಮ್ಮುಖವಾಗಿ ದಕ್ಕುತ್ತದೆ. ಬ್ರಿಟನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ 1912ರಲ್ಲಿ ಹೊರತಂದ .375 ಮ್ಯಾಗ್ನಮ್ ತೋಟಾದಲ್ಲಿ 19.4 ಗ್ರಾಂ ತೂಕದ ಗುಂಡು ಸೆಕೆಂಡಿಗೆ ಸುಮಾರು 770 ಮೀಟರ್ ವೇಗದಲ್ಲಿ ಹೊರಡುತ್ತದೆ. ಸುಮಾರು 5 ಗ್ರಾಂ ಮದ್ದು ಉರಿದು ಅನಿಲವಾಗಿ ಗುಂಡಿಗಿಂತಲೂ ಜೋರಾಗಿ ಚಿಮ್ಮುತ್ತದೆ. ಇವೆರಡರ ಪ್ರತಿಫಲವಾಗಿ ನಾಲ್ಕು ಕಿಲೋಗಿಂತ ತುಸು ಹೆಚ್ಚು ಭಾರವಿರುವ ರೈಫಲ್ ಸೆಕೆಂಡಿಗೆ 5 ಮೀಟರಿನಷ್ಟು ವೇಗದಲ್ಲಿ ಹೆಗಲಿಗೆ ಬರುತ್ತದೆ. ಶಕ್ತಿಯ ಲೆಕ್ಕದಲ್ಲಿ ಅದು ಸುಮಾರು 50 ಜೂಲ್. ಜಿಂಕೆ ಜಾತಿಯ ಪ್ರಾಣಿಗಳಿಗೆ ಬಳಸುವ .30-06 ರೈಫಲಿನಲ್ಲಿ ಇದು 27 ಜೂಲಿನ ಆಸುಪಾಸಿನಲ್ಲಿರುತ್ತದೆ. 1956ರಲ್ಲಿ ಬಂದ .458 ವಿಂಚೆಸ್ಟರ್ ಮ್ಯಾಗ್ನಮ್‌ನಲ್ಲಿ 80 ದಾಟುತ್ತದೆ. ಆಫ್ರಿಕಾದ ಕಾಡೆಮ್ಮೆ, ಆನೆಗಳ ಬೇಟೆಗೆ .375ಕ್ಕಿಂತ ಚಿಕ್ಕದು ಸಲ್ಲದೆಂಬ ಕಾನೂನು ಅಥವಾ ರೂಢಿ ಅಲ್ಲಿನ ಹಲವು ದೇಶಗಳಲ್ಲಿದೆ. ಹಾಗಾಗಿ ಅಲ್ಲಿಗೆ ಹೋಗುವ ಬೇಟೆಗಾರ ಈ ಒದೆತದ ಜೊತೆ ಹೊಂದಿಕೊಳ್ಳದೆ ವಿಧಿಯಿಲ್ಲ.

ಹಳೆಯ ಕಾಲದ ಕೋವಿಗಳು ಇನ್ನೂ ಕ್ರೂರವಾಗಿದ್ದವು. ಕರಿಮದ್ದಿನ ಯುಗದಲ್ಲಿ ಗುಂಡಿನ ವೇಗ ಹೆಚ್ಚಿಸಲು ಒಂದು ಮಿತಿಯಿದ್ದುದರಿಂದ ಗುಂಡಿನ ಗಾತ್ರವನ್ನೇ ಹಿಗ್ಗಿಸಬೇಕಾಗಿತ್ತು. ಕಾಲು ಪೌಂಡ್, ಅಂದರೆ 110 ಗ್ರಾಂ ಮೀರಿದ ಗುಂಡು ಹಾರಿಸುವ 'ಫೋರ್ ಬೋರ್' ಕೋವಿಗಳು ಹುಟ್ಟಿದ್ದು ಹೀಗೆ. ಇಂಗ್ಲೆಂಡಿನ ಪ್ರಸಿದ್ಧ ಬೇಟೆಗಾರ ಫ್ರೆಡರಿಕ್ ಕೋರ್ಟ್ನಿ ಸೆಲೂಸ್ 1870ರ ದಶಕದ ಆರಂಭದಲ್ಲಿ ಆಫ್ರಿಕಾದ ದಕ್ಷಿಣ ಭಾಗದ ಕಾಡುಗಳಲ್ಲಿ ಇಂಥ ಕೋವಿಗಳಿಂದಲೇ ಆನೆ ಹೊಡೆದ. ಸೊಂಟದ ಚೀಲದಿಂದ ಕೈತುಂಬ ಮದ್ದು ತೆಗೆದು ನಳಿಗೆಗೆ ಸುರಿಯುತ್ತಿದ್ದ. ಆ ಒದೆತ ತನ್ನ ನರಗಳ ಸ್ಥೈರ್ಯವನ್ನೇ ಕೆಡಿಸಿತು, ಮುಂದೆ ಹಗುರ ರೈಫಲ್ ಹಿಡಿದಾಗಲೂ ಅದರ ಪರಿಣಾಮ ಉಳಿಯಿತು ಎಂದು ಅವನು ಬರೆದುಕೊಂಡಿದ್ದಾನೆ. ಈ ವಿಷಯದಲ್ಲಿ ಅವನ ಮಾತಿಗಿಂತ ಅಮೂಲ್ಯವಾದ ಸಾಕ್ಷ್ಯ ಇನ್ನೊಂದಿಲ್ಲ. ಧೈರ್ಯಕ್ಕೆ ಕೊರತೆಯಿರದ, ಕಾಡನ್ನೇ ಮನೆ ಮಾಡಿಕೊಂಡಿದ್ದ ಮನುಷ್ಯನನ್ನೂ ಒದೆತ ಒಳಗಿನಿಂದ ಕೆಡಿಸಬಲ್ಲದು.

1898ರಲ್ಲಿ ರಿಗ್ಬಿ ಕಂಪನಿ ಹೊಗೆಯಿಲ್ಲದ ಮದ್ದಿನ .450 ನೈಟ್ರೋ ಎಕ್ಸ್‌ಪ್ರೆಸ್ ತಂದ ಮೇಲೆ ಚಿತ್ರ ಬದಲಾಯಿತು. ಚಿಕ್ಕ ಗುಂಡು ಹೆಚ್ಚು ವೇಗದಲ್ಲಿ, ಹೆಚ್ಚು ಆಳಕ್ಕೆ ಹೊಕ್ಕಿತು. ಕೆಲವೇ ವರ್ಷಗಳಲ್ಲಿ ಬ್ರಿಟಿಷ್ ಭಾರತದ ಸರ್ಕಾರ, ಸೈನ್ಯದ ಹಳೆಯ ಮಾರ್ಟಿನಿ ಹೆನ್ರಿ ರೈಫಲುಗಳಿಗೆ ಬಂಡುಕೋರರು ಆ ಅಳತೆಯ ಗುಂಡು ಹಾಕಿಯಾರೆಂಬ ಭಯದಿಂದ .450 ಅಳತೆಯನ್ನು ನಿಷೇಧಿಸಿತು. .465, .470ರಂಥ ಅಳತೆಗಳು ಬೇರೂರಿದ್ದಕ್ಕೆ ಈ ನಿಷೇಧವೇ ಮುಖ್ಯ ಕಾರಣ. ಕನ್ನಡ ಓದುಗರಿಗೆ ಚಿರಪರಿಚಿತವಾದ ರೈಫಲೂ ಈ ಪೀಳಿಗೆಗೆ ಸೇರಿದ್ದು. ಬೆಂಗಳೂರಿನ ಕೆನೆತ್ ಆಂಡರ್ಸನ್ ಹೆಗಲಲ್ಲಿದ್ದದ್ದು .405 ವಿಂಚೆಸ್ಟರ್. ಪೂರ್ಣಚಂದ್ರ ತೇಜಸ್ವಿಯವರು 'ಕಾಡಿನ ಕತೆಗಳು' ಮಾಲೆಯಲ್ಲಿ ಆಂಡರ್ಸನ್ ಕಥನಗಳನ್ನು ಕನ್ನಡಕ್ಕೆ ತಂದರು. 1904ರಲ್ಲಿ ಬಂದ ಈ ತೋಟಾದ ಗುಂಡು .375ರದಷ್ಟೇ ತೂಕದ್ದು. ವೇಗ ಅದಕ್ಕಿಂತ ಕಡಿಮೆಯಾದರೂ ರೈಫಲ್ ಹಗುರವಾಗಿದ್ದುದರಿಂದ ಜೋರಾಗಿ ಒದೆಯುವುದೆಂಬ ಹೆಸರು ಅದಕ್ಕಿತ್ತು.

ಒದೆತ ಗುರಿಯನ್ನು ಕೆಡಿಸುತ್ತದೆ ಎಂಬ ಸಾಮಾನ್ಯ ನಂಬಿಕೆ ಅರ್ಧ ಮಾತ್ರ ನಿಜ. ಗುಂಡು 60 ಸೆಂಟಿಮೀಟರ್ ನಳಿಗೆ ದಾಟಲು ಸೆಕೆಂಡಿನ ಸಾವಿರದ ಒಂದೆರಡು ಭಾಗ ಸಾಕು. ಅಷ್ಟರಲ್ಲಿ .375 ರೈಫಲ್ ಹಿಂದೆ ಸರಿಯುವುದು ಸುಮಾರು 3 ಮಿಲಿಮೀಟರ್. ಆ ಅಲ್ಪ ಚಲನೆಯೂ ಪ್ರತಿ ಈಡಿನಲ್ಲೂ ಒಂದೇ ಬಗೆಯಲ್ಲಿ ನಡೆಯುವುದರಿಂದ ನೋಟ ಕೂಡಿಸುವಾಗಲೇ ಅದು ಲೆಕ್ಕಕ್ಕೆ ಬಂದಿರುತ್ತದೆ. ಹೆಗಲಿಗೆ ಪೂರ್ಣ ಒದೆ ಬೀಳುವ ಹೊತ್ತಿಗೆ ಗುಂಡು ನಳಿಗೆ ಬಿಟ್ಟಾಗಿರುತ್ತದೆ. ಗುರಿ ಕೆಡುವುದು ಒದೆತದ ನಿರೀಕ್ಷೆಯಿಂದ. ಟ್ರಿಗರ್ ಒತ್ತುವ ಕೊನೆಯ ಗಳಿಗೆಯಲ್ಲಿ ಕಣ್ಣು ಮುಚ್ಚುತ್ತದೆ, ಹೆಗಲು ಮುಂದಕ್ಕೆ ತಳ್ಳುತ್ತದೆ, ಬೆರಳು ಹಿತವಾಗಿ ಒತ್ತುವ ಬದಲು ಹಠಾತ್ತನೆ ಎಳೆಯುತ್ತದೆ. ನಳಿಗೆಯ ಮೂತಿ ಕೆಳಗೆ ಬಾಗುತ್ತದೆ, ಗುಂಡು ಎಲ್ಲಿಗೋ ಹೋಗುತ್ತದೆ. ಇದು ಹೇಡಿತನವಲ್ಲ. ಹೊಡೆತ ಬರುತ್ತದೆಂದು ಗೊತ್ತಾದ ಮೈ ತನ್ನನ್ನು ತಾನು ಕಾಪಾಡಿಕೊಳ್ಳುವ ಪ್ರತಿವರ್ತನೆ. ಹಾಗಾಗಿ ಮನಸ್ಸಿಗೆ ಎಷ್ಟು ಬುದ್ಧಿ ಹೇಳಿದರೂ ಅದು ಹೋಗುವುದಿಲ್ಲ. ಮೈಗೇ ಪಾಠ ಹೇಳಬೇಕು.

ಹೀಗೆ ಬೆದರುವುದು ಈಡುಗಾರನ ಅರಿವಿಗೇ ಬಾರದಿರಬಹುದು. ಸಿಡಿತದ ಗದ್ದಲದಲ್ಲಿ ಅದು ಮುಚ್ಚಿಹೋಗುತ್ತದೆ. ಅದನ್ನು ಬಯಲಿಗೆಳೆಯಲು ಶೂಟಿಂಗ್ ರೇಂಜ್‌ಗಳಲ್ಲಿ ಹಳೆಯ ಉಪಾಯವೊಂದಿದೆ. ಜೊತೆಗಾರ ರೈಫಲಿಗೆ ಕೆಲವೊಮ್ಮೆ ನಿಜವಾದ ತೋಟಾ, ಕೆಲವೊಮ್ಮೆ ಮದ್ದಿಲ್ಲದ ಹುಸಿ ತೋಟಾ ತುಂಬಿ ಕೊಡುತ್ತಾನೆ. ಯಾವುದಿದೆಯೆಂದು ಹಿಡಿದವನಿಗೆ ತಿಳಿಯದು. ಹುಸಿ ತೋಟಾದ ಮೇಲೆ ಟ್ರಿಗರ್ ಒತ್ತಿದಾಗ ಸಿಡಿತವಿಲ್ಲ, ಆದರೂ ನಳಿಗೆ ಕುಕ್ಕುತ್ತದೆ. ನೋಡುವವರಿಗೂ ಹಿಡಿದವನಿಗೂ ರೋಗ ಸ್ಪಷ್ಟವಾಗುತ್ತದೆ. ಇದೇ ಮದ್ದೂ ಹೌದು: ಸಿಡಿಯುತ್ತದೋ ಇಲ್ಲವೋ ತಿಳಿಯದ ಸ್ಥಿತಿಯಲ್ಲಿ ಮತ್ತೆ ಮತ್ತೆ ಒತ್ತುತ್ತ ಹೋದಂತೆ ನಿರೀಕ್ಷೆ ಸಡಿಲವಾಗುತ್ತದೆ.

ಬೆದರುವಿಕೆಯ ದೊಡ್ಡ ಪಾಲು ಹೆಗಲಿನದಲ್ಲ, ಕಿವಿಯದು. ಭಾರಿ ರೈಫಲಿನ ಸದ್ದು 160 ಡೆಸಿಬೆಲ್ ದಾಟುತ್ತದೆ, ಒಂದೇ ಸಿಡಿತಕ್ಕೆ ಕಿವಿಗೆ ಕಾಯಂ ಹಾನಿ ಮಾಡಬಲ್ಲದು. ಕಿವಿಯೊಳಗೆ ಬಿರಡೆ, ಮೇಲೆ ಮಫ್, ಹೀಗೆ ಎರಡನ್ನೂ ಹಾಕಿಕೊಂಡರೆ ಅದೇ ರೈಫಲ್ ಮೆತ್ತಗಾದಂತೆ ಅನಿಸುತ್ತದೆ. ಅಭ್ಯಾಸ ಶುರು ಮಾಡುವವರು ಮೊದಲು ಖರ್ಚು ಮಾಡಬೇಕಾದದ್ದು ಇದಕ್ಕೇ.

ಆಮೇಲೆ ರೈಫಲಿನ ಅಳತೆ. ಹೆಗಲಿಗೆ ಆನುವ ಮರದ ಭಾಗ, ಅಂದರೆ ಸ್ಟಾಕ್, ಗಿಡ್ಡವಾದರೆ ಹೆಬ್ಬೆರಳು ಮೂಗಿಗೆ, ದುರ್ಬೀನು ಹುಬ್ಬಿಗೆ ಬಡಿಯುತ್ತದೆ. ಭಾರಿ ರೈಫಲಿನ ದುರ್ಬೀನಿಗೂ ಕಣ್ಣಿಗೂ 9-10 ಸೆಂಟಿಮೀಟರ್ ಅಂತರ ಬೇಕೇ ಬೇಕು. ಹುಬ್ಬಿನ ಮೇಲೆ ಅರ್ಧಚಂದ್ರದ ಗಾಯ ಮಾಡಿಕೊಂಡವರು ಬೇಟೆಯ ಲೋಕದಲ್ಲಿ ಬಹಳ. ಸ್ಟಾಕ್ ತೀರಾ ಕೆಳಗೆ ಬಾಗಿದ್ದರೆ ಒದೆತ ನೇರ ಹಿಂದಕ್ಕೆ ಬಾರದೆ ನಳಿಗೆಯನ್ನು ಮೇಲಕ್ಕೆತ್ತಿ ಕೆನ್ನೆಗೆ ಹೊಡೆಯುತ್ತದೆ. ಅಗಲವಾದ, ಮೃದು ರಬ್ಬರಿನ ಪ್ಯಾಡು ಅದೇ ಹೊಡೆತವನ್ನು ಹೆಚ್ಚು ಜಾಗಕ್ಕೆ, ಹೆಚ್ಚು ಹೊತ್ತಿಗೆ ಹಂಚುತ್ತದೆ. ತೂಕವೂ ಒಂದು ಮದ್ದೇ. ಸಂವೇಗ ಅಷ್ಟೇ ಇದ್ದಾಗ ರೈಫಲ್ ಭಾರವಾದಷ್ಟೂ ಒದೆತದ ಶಕ್ತಿ ಇಳಿಯುತ್ತದೆ. ಆದರೆ ದಿನವಿಡೀ ಹೊತ್ತು ನಡೆಯಬೇಕಾದ ಕಾಡಿನಲ್ಲಿ ಐದು ಕಿಲೋ ದಾಟಿದ ರೈಫಲ್ ಬೇರೆಯೇ ಶಿಕ್ಷೆ.

ನಿಲುವಿನಲ್ಲಿ ಹೊಸಬರು ಸಾಮಾನ್ಯವಾಗಿ ಒಂದು ತಪ್ಪು ಮಾಡುತ್ತಾರೆ. ಮೇಜಿನ ಮೇಲೆ ರೈಫಲ್ ಇಟ್ಟು ಕುಳಿತು ಹೊಡೆಯುವುದು ಸುಲಭವೆಂದುಕೊಳ್ಳುತ್ತಾರೆ. ಗುರಿಗೆ ಅದು ಸುಲಭ, ಹೆಗಲಿಗೆ ಅತಿ ಕಷ್ಟ, ಏಕೆಂದರೆ ಕುಳಿತ ಮೈ ಹಿಂದೆ ಸರಿಯಲಾರದು. ಮಲಗಿ ಹೊಡೆಯುವುದು ಇನ್ನೂ ಕೆಟ್ಟದು. ನಿಂತಾಗ ಸೊಂಟದಿಂದ ಮೇಲಿನ ಮೈಯೆಲ್ಲ ಒದೆತದ ಜೊತೆ ಹಿಂದಕ್ಕೆ ತೂಗುತ್ತದೆ, ವೇಗದ ಚೆಂಡನ್ನು ಹಿಡಿಯುವಾಗ ಕ್ರಿಕೆಟಿಗ ಕೈಗಳನ್ನು ಹಿಂದಕ್ಕೆಳೆದುಕೊಳ್ಳುವಂತೆ. ಬಲಗೈಯವನಾದರೆ ಎಡಗಾಲು ಮುಂದೆ, ಮೈಭಾರ ತುಸು ಅದರ ಮೇಲೆ. ಸ್ಟಾಕಿನ ತುದಿ ಕೊರಳೆಲುಬಿನ ಮೇಲಲ್ಲ, ಅದರ ಕೆಳಗೆ ಹೆಗಲಿನ ಮಾಂಸದ ಗುಳಿಯಲ್ಲಿ ಕೂರಬೇಕು, ಗಟ್ಟಿಯಾಗಿ. ಹೆದರಿ ಹೆಗಲಿಂದ ಅರ್ಧ ಅಂಗುಲ ದೂರ ಹಿಡಿದವನಿಗೆ ರೈಫಲ್ ತಳ್ಳುವ ಬದಲು ಗುದ್ದುತ್ತದೆ. ನೋಟ ಕೂಡಿಸಲು ಮೇಜು ಅನಿವಾರ್ಯವಾದಾಗ ಹೆಗಲಿಗೂ ಸ್ಟಾಕಿಗೂ ನಡುವೆ ಮರಳಿನ ಸಣ್ಣ ಚೀಲವಿಡುವುದು ಜಾಣತನ. ಉಳಿದ ಅಭ್ಯಾಸವೆಲ್ಲ ನಿಂತೇ ಆಗಬೇಕು, ಆಫ್ರಿಕಾದಲ್ಲಿ ಬಳಕೆಯಲ್ಲಿರುವ ಮೂರು ಕಾಲಿನ ಊರುಗೋಲಿನ ಮೇಲೆ.

ಭಾರಿ ರೈಫಲಿನ ಅಭ್ಯಾಸದ ಬಹುಪಾಲು ಭಾರಿ ರೈಫಲಿನಿಂದ ನಡೆಯಬಾರದು. ಟ್ರಿಗರ್ ಹಿತವಾಗಿ ಒತ್ತುವುದನ್ನು ಒದೆತ ಇಲ್ಲವೆನ್ನುವಷ್ಟು ಕಡಿಮೆಯಿರುವ .22ರಲ್ಲಿ ಕಲಿಯಬಹುದು. ಬೋಲ್ಟ್ ಎಳೆದು ಎರಡನೆಯ ಈಡಿಗೆ ಸಜ್ಜಾಗುವುದನ್ನು ಖಾಲಿ ಮಾಡಿ ಪರೀಕ್ಷಿಸಿದ ರೈಫಲಿಗೆ ಹುಸಿ ತೋಟಾ ಹಾಕಿ ಮನೆಯಲ್ಲೇ ರೂಢಿಸಿಕೊಳ್ಳಬಹುದು. ಬಳಿಕ .30-06ರಂಥ ಮಧ್ಯಮ ರೈಫಲ್, ಬಳಿಕ ದೊಡ್ಡ ರೈಫಲಿನಲ್ಲೇ ಕಡಿಮೆ ಮದ್ದಿನ ತೋಟಾ, ಕೊನೆಗೆ ಪೂರ್ಣ ಮದ್ದು. ಪೂರ್ಣ ಮದ್ದಿನ ತೋಟಾ ದಿನಕ್ಕೆ ಹತ್ತರೊಳಗೇ ನಿಲ್ಲಬೇಕು, ಹೆಗಲು ನೋಯುವ ಮುನ್ನವೇ. ನೋವಿನಲ್ಲಿ ಹಾರಿಸಿದ ಒಂದೊಂದು ಗುಂಡೂ ಮೈಗೆ ಬೆದರುವುದನ್ನೇ ಕಲಿಸುತ್ತದೆ. ಒಂದೇ ದಿನ ಪೆಟ್ಟಿಗೆಗಟ್ಟಲೆ ಹಾರಿಸಿ ಗಟ್ಟಿಗನಾಗುತ್ತೇನೆಂದು ಹೊರಡುವವರು ತಿಂಗಳುಗಟ್ಟಲೆ ಕಳೆದರೂ ಸರಿಹೋಗದ ದೋಷವನ್ನು ಒಂದು ಮಧ್ಯಾಹ್ನದಲ್ಲಿ ಸಂಪಾದಿಸುತ್ತಾರೆ.

ಜೋಡುನಳಿಗೆ ರೈಫಲಿನಲ್ಲಿ ಬೇರೊಂದು ತೊಡಕಿದೆ. ಎರಡು ಟ್ರಿಗರುಗಳು ಒಂದರ ಹಿಂದೊಂದಿರುವುದರಿಂದ ಒದೆತದ ರಭಸಕ್ಕೆ ಬೆರಳು ಜಾರಿ ಎರಡನೆಯ ನಳಿಗೆಯೂ ಸಿಡಿಯಬಹುದು. ಹಿಡಿತ ಸಡಿಲವಾದಾಗ ಈ ಅಪಾಯ ಹೆಚ್ಚು. ನಳಿಗೆಯ ತುದಿಗೆ ಅಳವಡಿಸುವ ಬ್ರೇಕ್ ಅನಿಲವನ್ನು ಪಕ್ಕಕ್ಕೆ ತಿರುಗಿಸಿ ಒದೆತವನ್ನು ಗಣನೀಯವಾಗಿ ತಗ್ಗಿಸುವುದು ನಿಜ. ಆದರೆ ಸದ್ದು ಪಕ್ಕದಲ್ಲಿರುವವರತ್ತ ಹಾಯುತ್ತದೆ. ಕಿವಿಗೆ ರಕ್ಷಣೆಯಿಲ್ಲದ ಜಾಡು ಹಿಡಿಯುವವರು ಬದಿಯಲ್ಲಿರುವ ಕಾಡಿನಲ್ಲಿ ಅದನ್ನು ಬಳಸುವುದು ಅನ್ಯಾಯ.

ಇಷ್ಟೆಲ್ಲ ಕಾಳಜಿ ಬೇಟೆಗಾರನ ಹೆಗಲಿಗಾಗಿ ಮಾತ್ರವಲ್ಲ. ಬೆದರಿದ ಕೈಯಿಂದ ಹೊರಟ ಗುಂಡು ಪ್ರಾಣಿಯನ್ನು ಕೊಲ್ಲದೆ ಗಾಯಗೊಳಿಸುತ್ತದೆ. ಗಾಯಗೊಂಡ ಕಾಡೆಮ್ಮೆ ಪೊದೆಯಲ್ಲಿ ಕಾದು ಹಿಂಬಾಲಿಸಿದವರ ಮೇಲೆ ಎರಗುತ್ತದೆ. 1907ರಲ್ಲಿ ಜಿಮ್ ಕಾರ್ಬೆಟ್ ಕೊಂದ ಚಂಪಾವತದ ಹೆಣ್ಣು ಹುಲಿ 436 ಜನರನ್ನು ಬಲಿ ಪಡೆದಿತ್ತೆಂದು ದಾಖಲೆಯಿದೆ. ಅದರ ಬಲಬದಿಯ ಕೋರೆಹಲ್ಲುಗಳು ಹಿಂದೆ ಯಾರೋ ಹಾರಿಸಿದ ಗುಂಡಿಗೆ ಮುರಿದಿದ್ದವು, ಸಹಜ ಬೇಟೆ ಅದಕ್ಕೆ ಅಸಾಧ್ಯವಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಭಾರತದಲ್ಲಿ ಈಗ ಬೇಟೆ ನಿಷಿದ್ಧ. ಆದರೆ ಬೇಟೆಗೆ ಇಂದಿಗೂ ಪರವಾನಗಿ ಕೊಡುವ ನಾಡುಗಳಲ್ಲಿ ಈ ಹೊಣೆ ಮಾಸಿಲ್ಲ.

ಸ್ಕಾಟ್ಲೆಂಡ್ ಮೂಲದ 'ಕರಮೋಜೋ' ಬೆಲ್ ಸಾವಿರಕ್ಕೂ ಮಿಕ್ಕಿ ಆನೆ ಹೊಡೆದ, ಅದರಲ್ಲಿ ಹೆಚ್ಚಿನವನ್ನು ಹಗುರವಾಗಿ ಒದೆಯುವ 7 ಮಿಲಿಮೀಟರ್ ರೈಫಲಿನಿಂದ. ಆನೆಯ ತಲೆಬುರುಡೆಯ ರಚನೆ ಅಭ್ಯಾಸ ಮಾಡಿ ಮಿದುಳಿನ ನೆಲೆಯನ್ನು ಎಲ್ಲ ಕೋನದಿಂದಲೂ ಬಲ್ಲವನಾಗಿದ್ದ. ಅವನ ಕೌಶಲ ಎಲ್ಲರದಲ್ಲ, ಇಂದಿನ ಕಾನೂನೂ ಅಂಥ ಚಿಕ್ಕ ರೈಫಲಿಗೆ ಒಪ್ಪುವುದಿಲ್ಲ. ಆದರೂ ಅಳತೆ ಆರಿಸುವಾಗ ಅವನ ಉದಾಹರಣೆ ಮುಖ್ಯ. ಕ್ರಮವಾಗಿ ಅಭ್ಯಾಸ ಮಾಡಿದ ಮೇಲೂ .458 ಹಿಡಿದಾಗ ಹುಸಿ ತೋಟಾದ ಪರೀಕ್ಷೆಯಲ್ಲಿ ನಳಿಗೆ ಕುಕ್ಕುತ್ತಲೇ ಇದ್ದರೆ .375ಕ್ಕೆ ಇಳಿಯುವುದೇ ಸರಿ. ಅದರ ಗುಂಡು ಕಾಡೆಮ್ಮೆಯ ಹೃದಯವನ್ನೂ ಶ್ವಾಸಕೋಶವನ್ನೂ ತಲುಪಲು ಧಾರಾಳ ಸಾಕು.