ಬೀಗ ಬಂತು, ಕೀಲಿ ಬರಲಿಲ್ಲ

2020ರ ಲಾಕ್‌ಡೌನ್ ದಿನಗಳಲ್ಲಿ ಯಗಟಿಯ ವೈ.ಎಸ್.ವಿ. ದತ್ತ ಅವರು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಫೇಸ್‌ಬುಕ್ ಲೈವ್‌ನಲ್ಲಿ ಪಾಠ ಹೇಳಿದರು. ಅದನ್ನು ಕೇಳಲು ಆಂಡ್ರಾಯ್ಡ್ ಫೋನಿನಲ್ಲಿ ಆ್ಯಪನ್ನು ಹೊಸದಾಗಿ ತೆರೆದಾಗಲೆಲ್ಲ ಒಳಗೊಂದು ಮರಿ ಹುಟ್ಟುತ್ತಿತ್ತು. ಫೋನ್ ಆನ್ ಆದಾಗಿನಿಂದ ಸಿದ್ಧವಾಗಿ ಕೂತಿರುವ ‘ಜೈಗೋಟ್’ ಎಂಬ ಪ್ರೊಸೆಸ್ ತನ್ನದೇ ಪ್ರತಿಯೊಂದನ್ನು ಮಾಡಿಕೊಡುತ್ತದೆ. ಆ ಪ್ರತಿಯೇ ಆ್ಯಪ್ ಆಗಿ ಬೆಳೆಯುತ್ತದೆ. ಈ ಕ್ರಿಯೆಯ ಹೆಸರು ಫೋರ್ಕ್.

ಫೋರ್ಕ್ ಯುನಿಕ್ಸ್‌ನ ಮೊದಲ ದಿನಗಳದ್ದು. ಆಗ ಒಂದು ಪ್ರೊಸೆಸ್‌ನಲ್ಲಿ ಕೆಲಸ ಸಾಗುವ ದಾರಿ ಒಂದೇ. ಒಂದೇ ಪ್ರೊಸೆಸ್‌ನೊಳಗೆ ಹಲವು ಥ್ರೆಡ್‌ಗಳು ದುಡಿಯುವ ಪದ್ಧತಿಗೆ ಪಾಸಿಕ್ಸ್ ಮಾನದಂಡ ಬಂದದ್ದು 1995ರಲ್ಲಿ. ಎರಡೂ ಒಳ್ಳೆಯ ಉಪಾಯಗಳೇ, ಆದರೆ ಒಂದಕ್ಕೊಂದು ಹೊಂದುವುದಿಲ್ಲ.

ಕೊಬ್ಬರಿ ತುಂಬಿದ ಮನೆಯೊಂದನ್ನು ಊಹಿಸಿಕೊಳ್ಳಿ. ಆಳೊಬ್ಬ ಅಟ್ಟಕ್ಕೆ ಹೋಗಿ ಒಳಗಿನಿಂದ ಚಿಲಕ ಹಾಕಿ ಎಣಿಸುತ್ತಿದ್ದಾನೆ. ಅದೇ ಕ್ಷಣದಲ್ಲಿ ಇಡೀ ಮನೆಯ ನಕಲು ಪಕ್ಕದಲ್ಲಿ ಎದ್ದಿತು ಅನ್ನಿ. ಕೊಬ್ಬರಿ ಬಂತು, ಹಾಕಿದ ಚಿಲಕವೂ ಬಂತು. ಆದರೆ ಹೊಸ ಮನೆಗೆ ಬರುವುದು ನಕಲು ಮಾಡಿಸಿದವನೊಬ್ಬನೇ. ಅಟ್ಟದೊಳಗೆ ಯಾರೂ ಇಲ್ಲ, ಚಿಲಕ ತೆಗೆಯುವವರೂ ಇಲ್ಲ. ಫೋರ್ಕ್ ನಿಯಮವೂ ಇದೇ: ಮೆಮೊರಿ ಪೂರ್ತಿ ನಕಲಾಗುತ್ತದೆ, ಥ್ರೆಡ್ ಮಾತ್ರ ಕರೆದದ್ದೊಂದೇ ಉಳಿಯುತ್ತದೆ. ಉಳಿದ ಥ್ರೆಡ್‌ಗಳು ಹಿಡಿದಿದ್ದ ಲಾಕ್, ಅಂದರೆ ಆ ಚಿಲಕ, ಮರಿಯಲ್ಲಿ ಎಂದೆಂದಿಗೂ ಬಿದ್ದೇ ಇರುತ್ತದೆ. ಅದು ತೆರೆಯಲೆಂದು ಕಾಯುವ ಮರಿ ಅಲ್ಲೇ ನಿಲ್ಲುತ್ತದೆ.

ಇದನ್ನು ಪತ್ತೆ ಹಚ್ಚುವುದು ನಿಜಕ್ಕೂ ಕಷ್ಟ. ಪ್ರೋಗ್ರಾಂ ಬೀಳುವುದಿಲ್ಲ, ಎರರ್ ಬರುವುದಿಲ್ಲ, ಸಿಪಿಯು ಬಳಕೆ ಸೊನ್ನೆ. ಸುಮ್ಮನೆ ನಿಂತುಬಿಡುತ್ತದೆ. ಲಾಕ್ ಹಿಡಿದ ಆ ಚಿಕ್ಕ ಗಳಿಗೆಯಲ್ಲೇ ಫೋರ್ಕ್ ಆಗಬೇಕಾದ್ದರಿಂದ ನೂರು ಸಲ ಓಡಿಸಿದರೂ ತೊಂದರೆ ಕಾಣದಿರಬಹುದು. ಎಲ್ಲಿ ನಿಂತಿತೆಂದು ತಿಳಿಯಲು ಲಾಗ್ ಸಾಲು ಸೇರಿಸಿದರೆ ಸಮಯದ ಲೆಕ್ಕವೇ ಬದಲಾಗಿ ದೋಷ ಅಡಗಿಕೊಳ್ಳುತ್ತದೆ. ಲಾಗ್ ಬರೆಯುವ ಕೋಡ್‌ಗೂ ತನ್ನದೇ ಲಾಕ್ ಇರುವುದರಿಂದ, ಹುಡುಕಲು ಹಾಕಿದ ಸಾಲೇ ಸಿಕ್ಕಿಬೀಳಬಹುದು.

ಲಿನಕ್ಸ್‌ನಲ್ಲಿ ನನಗೆ ನಂಬಿಕೆಯಿರುವ ದಾರಿ ಒಂದು. ನಿಂತುಹೋದ ಮರಿಯನ್ನು ಕೊಲ್ಲಬೇಡಿ. ಜಿಡಿಬಿ ಡಿಬಗ್ಗರ್ ಅನ್ನು ಅದಕ್ಕೆ ಜೋಡಿಸಿ, ಸ್ಟ್ಯಾಕ್ ತೆಗೆದು ನೋಡಿ. ತುದಿಯಲ್ಲಿ ಲಾಕ್‌ಗಾಗಿ ಕಾಯುತ್ತಿರುವ ಕರೆ ಕಾಣುತ್ತದೆ. ಮ್ಯೂಟೆಕ್ಸ್ ಎಂದು ಕರೆಯುವ ಆ ಲಾಕ್‌ನೊಳಗೆ ‘ಓನರ್’ ಎಂಬ ಅಂಕಣವಿದೆ, ಅದರಲ್ಲಿ ಲಾಕ್ ಹಿಡಿದ ಥ್ರೆಡ್‌ನ ಸಂಖ್ಯೆ ಇರುತ್ತದೆ. ಆ ಸಂಖ್ಯೆಯ ಥ್ರೆಡ್ ಮರಿಯಲ್ಲಿ ಇಲ್ಲದೆ ತಾಯಿಯಲ್ಲಿದ್ದರೆ, ಸಾಕ್ಷಿ ಸಿಕ್ಕಿತು.

ಪರಿಹಾರವನ್ನು ಜೈಗೋಟ್‌ನಿಂದಲೇ ಕಲಿಯಬಹುದು. ಮರಿ ಹಾಕುವ ಮುನ್ನ ಅದು ತನ್ನ ಹಿನ್ನೆಲೆ ಥ್ರೆಡ್‌ಗಳನ್ನೆಲ್ಲ ನಿಲ್ಲಿಸಿ, ಒಂದೇ ಉಳಿಯುವವರೆಗೆ ಕಾದು, ಆಮೇಲೆ ಫೋರ್ಕ್ ಮಾಡುತ್ತದೆ. ಇಂಥ ಶಿಸ್ತು ನಮ್ಮ ಸರ್ವರ್ ಪ್ರೋಗ್ರಾಂಗಳಲ್ಲಿ ಅಪರೂಪ. ಪೈಥಾನ್ ಭಾಷೆ 2023ರ 3.12 ಆವೃತ್ತಿಯಲ್ಲಿ, ಹಲವು ಥ್ರೆಡ್‌ಗಳಿರುವಾಗ ಫೋರ್ಕ್ ಮಾಡಿದರೆ ಎಚ್ಚರಿಕೆ ಕೊಡತೊಡಗಿತು, 2025ರ 3.14ರಲ್ಲಿ ಲಿನಕ್ಸ್‌ನ ಮಲ್ಟಿಪ್ರೊಸೆಸಿಂಗ್‌ಗೆ ಫೋರ್ಕ್ ಅನ್ನು ಮೂಲ ಆಯ್ಕೆಯ ಸ್ಥಾನದಿಂದಲೇ ತೆಗೆಯಿತು. ತಡವಾದರೂ ಸರಿಯಾದ ನಿರ್ಧಾರ.

ಹಳೆಯ ಆವೃತ್ತಿಯಲ್ಲಿ ಮಲ್ಟಿಪ್ರೊಸೆಸಿಂಗ್ ಬಳಸುವವರು ಇಂದೇ ‘ಸ್ಟಾರ್ಟ್ ಮೆಥಡ್’ ಅನ್ನು ‘ಸ್ಪಾನ್’ ಎಂದು ಬದಲಿಸಿಕೊಳ್ಳಿ. ಆಗ ಮರಿ ತಾಯಿಯ ನಕಲಾಗದೆ ಹೊಸದಾಗಿ ಶುರುವಾಗುವುದರಿಂದ ತುಸು ನಿಧಾನವಾಗುತ್ತದೆ, ಆದರೆ ತಾಯಿಯ ಲಾಕ್‌ನಲ್ಲಿ ಸಿಕ್ಕಿ ನಿಲ್ಲುವುದಿಲ್ಲ.