ಮೂರು ಮಿಲಿಮೀಟರಿನ ಚಿನ್ನ

1972ರ ಮ್ಯೂನಿಕ್ ಒಲಿಂಪಿಕ್ಸ್. 400 ಮೀಟರ್ ವೈಯಕ್ತಿಕ ಮೆಡ್ಲೆ ಈಜಿನ ಫೈನಲ್ ಮುಗಿದಾಗ ಸ್ವೀಡನ್ನಿನ ಗುನ್ನಾರ್ ಲಾರ್ಸನ್, ಅಮೆರಿಕದ ಟಿಮ್ ಮೆಕ್ಕೀ ಇಬ್ಬರದೂ ಒಂದೇ ಸಮಯ: 4 ನಿಮಿಷ 31.98 ಸೆಕೆಂಡು. ಮೂರನೇ ದಶಮಾಂಶಕ್ಕೆ ಕೈಹಾಕಿದರು. ಲಾರ್ಸನ್ 31.981, ಮೆಕ್ಕೀ 31.983. ಚಿನ್ನ ಲಾರ್ಸನ್ ಪಾಲಾಯಿತು.

ಗಡಿಯಾರ ಸುಳ್ಳು ಹೇಳಲಿಲ್ಲ, ನಿಜ. ಆದರೆ ಕೊಳ? ಆ ವೇಗದಲ್ಲಿ ಈಜುಗಾರ 0.002 ಸೆಕೆಂಡಿನಲ್ಲಿ ಸಾಗುವುದು ಸುಮಾರು 3 ಮಿಲಿಮೀಟರ್. 50 ಮೀಟರ್ ಕೊಳದಲ್ಲಿ 400 ಮೀಟರ್ ಎಂದರೆ ಎಂಟು ಸಲ ಈಜಬೇಕು. ಒಬ್ಬನ ಲೇನು ಇನ್ನೊಬ್ಬನದಕ್ಕಿಂತ ಅರ್ಧ ಮಿಲಿಮೀಟರಿನಷ್ಟು ಉದ್ದವಿದ್ದರೂ ಫಲಿತಾಂಶ ತಲೆಕೆಳಗು! ಇಂದಿನ ನಿಯಮವೇ ಲೇನು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರಬಹುದು ಎನ್ನುತ್ತದೆ. ಸಿಮೆಂಟು, ಟೈಲ್ಸು ಹಾಕಿ ಕಟ್ಟುವ ಗೋಡೆಯಿಂದ ಅದಕ್ಕಿಂತ ಹೆಚ್ಚು ನಿಖರತೆ ನಿರೀಕ್ಷಿಸುವುದೂ ಕಷ್ಟವೇ.

ಹಾಗೆಂದು ಕಣ್ಣನ್ನೇ ನಂಬುವಂತೆಯೂ ಇರಲಿಲ್ಲ. 1960ರ ರೋಮ್‌ನಲ್ಲಿ 100 ಮೀಟರ್ ಫ್ರೀಸ್ಟೈಲ್‌ನಲ್ಲಿ ಅಮೆರಿಕದ ಲ್ಯಾನ್ಸ್ ಲಾರ್ಸನ್ ಸಮಯವನ್ನು ಮೂರು ಸ್ಟಾಪ್‌ವಾಚ್‌ಗಳು 55.0, 55.1, 55.1 ಎಂದು ತೋರಿಸಿದವು. ಆಸ್ಟ್ರೇಲಿಯಾದ ಜಾನ್ ಡೆವಿಟ್‌ಗೆ ಮೂರರಲ್ಲೂ 55.2. ಆದರೂ ಮುಖ್ಯ ತೀರ್ಪುಗಾರರು ಡೆವಿಟ್ ಗೆದ್ದನೆಂದರು. ಅದಕ್ಕೆ ತಾಳೆಯಾಗಲೆಂದು ಲಾರ್ಸನ್ ಸಮಯವನ್ನೂ 55.2 ಎಂದು ತಿದ್ದಿದರು. ಇಂಥ ಎಡವಟ್ಟಿಗೆ ಉತ್ತರವಾಗಿ ಬಂದದ್ದು ಟಚ್‌ಪ್ಯಾಡ್. 1967ರ ವಿನಿಪೆಗ್ ಪ್ಯಾನ್ ಅಮೆರಿಕನ್ ಕ್ರೀಡಾಕೂಟದಲ್ಲಿ ಬಳಕೆಗೆ ಬಂದ ಈ ತೆಳು ಹಲಗೆಯನ್ನು ಲೇನಿನ ಕೊನೆಯ ಗೋಡೆಗೆ ತೂಗುಹಾಕುತ್ತಾರೆ. ಅಲೆ ಬಡಿದರೆ ಅದು ಮಿಸುಕುವುದಿಲ್ಲ. ಕೈಯಿಂದ ಒತ್ತಿದರಷ್ಟೇ ಗಡಿಯಾರ ನಿಲ್ಲುತ್ತದೆ. 2008ರ ಬೀಜಿಂಗ್‌ನ 100 ಮೀಟರ್ ಬಟರ್‌ಫ್ಲೈನಲ್ಲಿ ಸರ್ಬಿಯಾದ ಮಿಲೊರಾಡ್ ಚಾವಿಚ್ ಕೈಚಾಚಿ ತೇಲುತ್ತಾ ಬಂದರೆ, ಮೈಕೆಲ್ ಫೆಲ್ಪ್ಸ್ ಇನ್ನೊಮ್ಮೆ ತೋಳು ಬೀಸಿ ಹಲಗೆಗೆ ಅಪ್ಪಳಿಸಿದರು. 50.58ಕ್ಕೆ 50.59. ಫೆಲ್ಪ್ಸ್‌ಗೆ ಚಿನ್ನ.

ಓಟದಲ್ಲಿ ಮಾತ್ರ ಸಾವಿರದ ಭಾಗ ಈಗಲೂ ಲೆಕ್ಕಕ್ಕುಂಟು. 2024ರ ಪ್ಯಾರಿಸ್‌ನಲ್ಲಿ ನೋವಾ ಲೈಲ್ಸ್ 9.784, ಕಿಶೇನ್ ಥಾಂಪ್ಸನ್ 9.789. ಅಲ್ಲಿ ಎಲ್ಲರೂ ದಾಟುವುದು ಒಂದೇ ಗೆರೆ, ನೋಡುವುದು ಒಂದೇ ಕ್ಯಾಮೆರಾ. ಈಜಿನಲ್ಲಿ ಪ್ರತಿಯೊಬ್ಬರಿಗೂ ಅವರವರದೇ ಹಲಗೆ.

ಮ್ಯೂನಿಕ್ ನಂತರ ಈಜು ಸಂಸ್ಥೆ ನಿಯಮ ಬದಲಿಸಿ ನೂರರ ಭಾಗಕ್ಕೇ ನಿಲ್ಲಿಸಿತು. ಅಳೆಯಲು ಬರುತ್ತದೆಂದು ಅಳೆಯಲೇಬೇಕಿಲ್ಲ ಎಂಬ ಈ ವಿವೇಕ ನನಗೆ ಮೆಚ್ಚುಗೆ. 2016ರ ರಿಯೋದಲ್ಲಿ 100 ಮೀಟರ್ ಬಟರ್‌ಫ್ಲೈನಲ್ಲಿ ಫೆಲ್ಪ್ಸ್, ದಕ್ಷಿಣ ಆಫ್ರಿಕಾದ ಚಾಡ್ ಲೆ ಕ್ಲೋಸ್, ಹಂಗೇರಿಯ ಲಾಸ್ಲೊ ಚೆ ಮೂವರೂ 51.14ಕ್ಕೆ ಮುಟ್ಟಿದರು. ಮೂವರಿಗೂ ಬೆಳ್ಳಿ ಕೊಟ್ಟರು. ಕಂಚು ಯಾರಿಗೂ ಇಲ್ಲ.